ಹುಳುಕಿಲ್ಲದ ಹಲ್ಲು ಯಾಕೆ ಬಿತ್ತು?

ಅಪ್ಪನ ಹಲ್ಲು ಕೈಗೆ ಬಂದ ದಿನ ಅವರು ಅದನ್ನು ಎಸೆಯಲಿಲ್ಲ. ಒಂದು ಕಾಗದದ ಚೂರಿನಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟಿದ್ದರು. ನಾನು ಮನೆಗೆ ಬಂದಾಗ ಬಿಚ್ಚಿ ತೋರಿಸಿದರು. ಕೆಳಗಿನ ಸಾಲಿನ ಮುಂದಿನ ಹಲ್ಲು. ಕೆಲವು ತಿಂಗಳಿಂದ ಅಲ್ಲಾಡುತ್ತಿತ್ತಂತೆ. ಅವತ್ತು ನಾಲಿಗೆಯಿಂದ ಸ್ವಲ್ಪ ತಳ್ಳಿದ್ದಕ್ಕೇ ಬಂದುಬಿಟ್ಟಿತಂತೆ. ನೋವೇನೂ ಆಗಲಿಲ್ಲ ಅಂದರು. "ವಯಸ್ಸಾಯ್ತಲ್ಲ" ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ನಾನು ಆ ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದೆ. ಹಲ್ಲು ಬೀಳುವುದು ಅಂದರೆ ಹುಳುಕು ಹಿಡಿದು, ಕಪ್ಪಾಗಿ, ತೂತಾಗಿ, ಮುರಿದು ಬೀಳುವುದು ಅಂತಲೇ ನನ್ನ ತಲೆಯಲ್ಲಿತ್ತು. ಇದರಲ್ಲಿ ಹುಳುಕಿನ ಒಂದು ಚುಕ್ಕೆಯೂ ಇರಲಿಲ್ಲ. ಮೇಲಿನ ಬಿಳಿ ಭಾಗ ಗಟ್ಟಿಯಾಗಿತ್ತು. ಬೇರು ಪೂರ್ತಿಯಾಗಿಯೇ ಇತ್ತು. ಆದರೆ ಬೇರಿನ ಸುತ್ತ, ಹೆಚ್ಚುಕಮ್ಮಿ ತುದಿಯವರೆಗೂ, ಕಂದು ಬಣ್ಣದ ಒರಟು ಪದರವೊಂದು ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದು ನೋಡಿದೆ. ಒಂದು ಚೂರೂ ಏಳಲಿಲ್ಲ. ತುದಿಯಲ್ಲಿ ಮಾತ್ರ ಒಂದೆರಡು ಮಿಲಿಮೀಟರ್ ಜಾಗ ನಯವಾಗಿ, ತಿಳಿ ಹಳದಿಯಾಗಿ ಉಳಿದಿತ್ತು. ಅಪ್ಪನ ದವಡೆ ಆ ಹಲ್ಲನ್ನು ಕೊನೆಯ ದಿನಗಳಲ್ಲಿ ಹಿಡಿದುಕೊಂಡಿದ್ದದ್ದು ಅಷ್ಟೇ ಜಾಗದಲ್ಲಿ.

ಇದು ನನಗೆ ಅವತ್ತು ಅರ್ಥವಾಗಲಿಲ್ಲ. ಅರ್ಥವಾಗಿದ್ದು ಎರಡು ವರ್ಷದ ಮೇಲೆ, ನನ್ನದೇ ಬಾಯಿಯಿಂದ.

ಬೆಳಗ್ಗೆ ಹಲ್ಲು ಉಜ್ಜಿ ಉಗಿದರೆ ಸಿಂಕಿನಲ್ಲಿ ಬಿದ್ದ ನೊರೆ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿರುತ್ತಿತ್ತು. ನಲ್ಲಿ ತಿರುಗಿಸಿದರೆ ಹೋಗುತ್ತಿತ್ತು. ಜೋರಾಗಿ ಉಜ್ಜಿರಬೇಕು ಅಂದುಕೊಂಡೆ. ಬ್ರಷ್ ಬದಲಾಯಿಸಿದೆ. ಪೇಸ್ಟ್ ಬದಲಾಯಿಸಿದೆ. ಆಮೇಲೆ ಎಷ್ಟೋ ಜನ ಮಾಡುವುದನ್ನೇ ಮಾಡಿದೆ. ರಕ್ತ ಬರುವ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟೆ. ಬಲಗಡೆ ಮೇಲಿನ ದವಡೆ ಹಲ್ಲುಗಳ ಬುಡ ಅದು. ಬ್ರಷ್ ಅಲ್ಲಿಗೆ ಬಂದ ತಕ್ಷಣ ಕೈ ತಾನಾಗಿಯೇ ಹಗುರಾಗಿ, ಮುಂದಕ್ಕೆ ಜಾರಿಬಿಡುತ್ತಿತ್ತು. ಒಂದೆರಡು ವಾರದಲ್ಲಿ ನೊರೆ ಮತ್ತೆ ಬೆಳ್ಳಗಾಯಿತು. ವಾಸಿಯಾಯಿತು ಅಂತ ಸುಮ್ಮನಾದೆ.

ಗಾಯ ಆದ ಕಡೆ ಕೈ ಹಾಕಬಾರದು, ಅದರಷ್ಟಕ್ಕೆ ಬಿಡಬೇಕು ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ ಅಲ್ವಾ? ಮೊಣಕಾಲಿನ ತರಚು ಗಾಯಕ್ಕೆ ಆ ಮಾತು ಸರಿ. ವಸಡಿನ ವಿಷಯದಲ್ಲಿ ಅದು ಪೂರ್ತಿ ತಲೆಕೆಳಗು. ರಕ್ತ ಬರುವ ವಸಡು ಬಹುತೇಕ ಸಲ "ಇಲ್ಲಿ ಕೊಳೆ ಕೂತಿದೆ, ತೆಗಿ" ಅಂತ ಕೂಗುತ್ತಿರುತ್ತದೆ. ನಾವು ಅಲ್ಲಿಂದಲೇ ಕೈ ಹಿಂದೆ ತೆಗೆಯುತ್ತೇವೆ. ಈ ಒಂದು ಮಾತು ನಾಲ್ಕು ಜನಕ್ಕೆ ತಲುಪಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬೇರೆ ಯಾವುದೋ ಹಲ್ಲಿನ ತೊಂದರೆಗೆ ಹೋದಾಗ ದಂತವೈದ್ಯೆ ನನ್ನ ವಸಡನ್ನು ಅಳೆದರು. ವಸಡನ್ನು ಅಳೆಯುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ತುದಿ ಮೊಂಡಾದ, ಮಿಲಿಮೀಟರ್ ಗೆರೆಗಳಿರುವ ಒಂದು ತೆಳು ಕಡ್ಡಿ. ಅದನ್ನು ಹಲ್ಲು ಮತ್ತು ವಸಡಿನ ನಡುವಿನ ಸಂದಿಗೆ ಮೆಲ್ಲಗೆ ಇಳಿಸುತ್ತಾರೆ. ಒಂದೊಂದು ಹಲ್ಲಿಗೂ ಆರು ಕಡೆ. ಪಕ್ಕದಲ್ಲಿ ಕೂತವರು ಬರೆದುಕೊಳ್ಳುತ್ತಾರೆ. ನಾನು ಬಾಯಿ ತೆರೆದು ಮಲಗಿದ್ದೆ. ಅವರು ಓದುತ್ತಾ ಹೋದರು: "2, 2, 3. 3, 2, 3. 2, 1, 2." ಒಂದು ಲಯದಲ್ಲಿ ಸಾಗುತ್ತಿತ್ತು. ಬಲಗಡೆ ಮೇಲೆ ಬಂದಾಗ ದನಿ ಸ್ವಲ್ಪ ನಿಧಾನವಾಯಿತು. "4, 3, 5. ರಕ್ತ. 5, 4, 6. ರಕ್ತ."

ನಾನು ಕೈ ಹಿಂದೆ ತೆಗೆದಿದ್ದ ಜಾಗವೇ ಅದು.

1ರಿಂದ 3 ಮಿಲಿಮೀಟರ್ ಇದ್ದರೆ ಚಿಂತೆಯಿಲ್ಲ, 4 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಗಮನ ಕೊಡಬೇಕು ಅಂತ ಅವರು ವಿವರಿಸಿದರು. ಆರೋಗ್ಯವಾಗಿರುವ ಬಾಯಲ್ಲೂ ಹಲ್ಲಿನ ಸುತ್ತ ವಸಡಿನ ಅಂಚು ಪೂರ್ತಿ ಅಂಟಿಕೊಂಡಿರುವುದಿಲ್ಲ. ಅಂಗಿಯ ಕಾಲರಿನ ಹಾಗೆ ಸುತ್ತುವರಿದಿರುತ್ತದೆ. ಒಳಗೆ ಸಣ್ಣದೊಂದು ಸಂದಿ ಇರುತ್ತದೆ. ಅದರ ತಳದಿಂದ ಕೆಳಗೆ ವಸಡು ಹಲ್ಲಿಗೆ ಅಂಟಿಕೊಂಡಿರುತ್ತದೆ. ಇನ್ನೂ ಕೆಳಗೆ, ಬೇರಿಗೂ ದವಡೆಯ ಮೂಳೆಗೂ ನಡುವೆ, ಸಾವಿರಾರು ಸಣ್ಣ ಎಳೆಗಳಿವೆ. ಹಲ್ಲು ಮೂಳೆಯೊಳಗೆ ಗೋಡೆಗೆ ಹೊಡೆದ ಮೊಳೆಯ ಹಾಗೆ ಕೂತಿರುವುದಿಲ್ಲ. ಈ ಎಳೆಗಳು ಅದನ್ನು ತೂಗುಹಾಕಿ ಹಿಡಿದಿರುತ್ತವೆ. ಗಟ್ಟಿಯಾಗಿ ಕಚ್ಚಿದಾಗ ಆ ಪೆಟ್ಟನ್ನು ತಾಳಿಕೊಳ್ಳುವುದೂ ಅವೇ. ಎಳೆಗಳ ಆ ಪದರದ ದಪ್ಪ ಹೆಚ್ಚೂಕಮ್ಮಿ 0.2 ಮಿಲಿಮೀಟರ್. ಅಷ್ಟು ತೆಳುವಾದ ಒಂದು ಪದರ ಇಡೀ ಆಯುಷ್ಯ ನಮ್ಮ ಹಲ್ಲುಗಳನ್ನು ಹೊತ್ತುಕೊಂಡಿರುತ್ತದೆ. ನನಗಂತೂ ಇದು ತಿಳಿದ ಮೇಲೆ ವಸಡಿನ ಮೇಲೆ ಒಂದು ಥರದ ಗೌರವ ಬಂತು.

ಈಗ ಕೊಳೆಯ ವಿಷಯ. ಹಲ್ಲು ಉಜ್ಜಿ ಮುಗಿಸಿದ ಕೆಲವೇ ನಿಮಿಷಗಳಲ್ಲಿ ಎಂಜಲಿನಿಂದ ಒಂದು ತೆಳು ಪೊರೆ ಹಲ್ಲಿನ ಮೇಲೆ ಕೂರುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತವೆ. ಮೊದಲು ಬಂದವು ಮುಂದಿನವಕ್ಕೆ ಜಾಗ ಮಾಡಿಕೊಡುತ್ತವೆ. ಎಲ್ಲ ಸೇರಿ ತಮ್ಮ ಸುತ್ತ ಒಂದು ಅಂಟು ಹೊದಿಕೆ ಕಟ್ಟಿಕೊಳ್ಳುತ್ತವೆ. ಇದನ್ನೇ ಪ್ಲಾಕ್ ಅನ್ನುವುದು. ಹಲ್ಲಿನ ಪಾಚಿ ಅಂತಲೂ ಕರೆಯುತ್ತಾರೆ. ನನಗೆ ಆ ಹೆಸರೇ ಇಷ್ಟ, ಯಾಕೆಂದರೆ ಅದು ಸರಿಯಾಗಿ ಹಾಗೇ ಇರುತ್ತದೆ. ಕಲ್ಲಿನ ಮೇಲಿನ ಪಾಚಿಯ ಮೇಲೆ ಎಷ್ಟು ನೀರು ಹರಿದರೂ ಹೋಗುವುದಿಲ್ಲ, ಉಜ್ಜಿದರೆ ಮಾತ್ರ ಬರುತ್ತದೆ. ಹಲ್ಲಿನದೂ ಅಷ್ಟೇ. ಬಾಯಿ ಮುಕ್ಕಳಿಸಿದರೆ ಹೋಗುವಂಥದ್ದಲ್ಲ.

ಇದನ್ನು ಮೊದಲು ಕಂಡವರಲ್ಲಿ ಒಬ್ಬರು ಲೇವೆನ್‌ಹುಕ್. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. ತಾವೇ ಮಸೂರ ಉಜ್ಜಿ ಸೂಕ್ಷ್ಮದರ್ಶಕ ಮಾಡಿಕೊಂಡಿದ್ದರು. ದಿನಾ ಉಪ್ಪು ಹಾಕಿ ಹಲ್ಲು ಉಜ್ಜುತ್ತಿದ್ದ ಮನುಷ್ಯ. ಆದರೂ ಹಲ್ಲುಗಳ ಸಂದಿಯಲ್ಲಿ ಬೆಳ್ಳಗೆ ಏನೋ ಉಳಿದಿರುವುದು ಅವರ ಕಣ್ಣಿಗೆ ಬಿತ್ತು. ಅದನ್ನು ಕೆರೆದು ಮಸೂರದಡಿ ಇಟ್ಟರು. ಪುಟ್ಟ ಜೀವಿಗಳು ಓಡಾಡುತ್ತಿದ್ದವು. 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಬಗ್ಗೆ ಪತ್ರ ಬರೆದರು. ವಿನೆಗರ್ ಹಾಕಿ ಬಾಯಿ ಮುಕ್ಕಳಿಸಿಯೂ ನೋಡಿದರು. ಪದರದ ಹೊರಗಡೆ ಇದ್ದವು ಸತ್ತವು, ಒಳಗಿದ್ದವು ಬದುಕಿಯೇ ಇದ್ದವು. ಮುಕ್ಕಳಿಸುವುದಕ್ಕೆ ಏನೇ ಹಾಕಿದರೂ ಅದು ಪಾಚಿಯ ಒಳಕ್ಕೆ ಸರಿಯಾಗಿ ಇಳಿಯುವುದಿಲ್ಲ ಅನ್ನುವುದನ್ನು ಅವರು ಮುನ್ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ನಾನು ಮಾತ್ರ ಆ ಗುಲಾಬಿ ನೊರೆಯ ದಿನಗಳಲ್ಲಿ ಒಂದು ದೊಡ್ಡ ಬಾಟಲಿ ಮೌತ್‌ವಾಶ್ ತಂದಿಟ್ಟುಕೊಂಡಿದ್ದೆ.

ಹಾಗೇ ಬಿಟ್ಟ ಪಾಚಿ ಮೆತ್ತಗೆ ಉಳಿಯುವುದಿಲ್ಲ. ಎಂಜಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಅದರೊಳಗೆ ಸೇರಿಕೊಂಡು ಒಂದೆರಡು ದಿನದಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ. ಒಂದೆರಡು ವಾರದಲ್ಲಿ ಕಲ್ಲು. ಇದು ಹಲ್ಲಿನ ಗಾರೆ, ಟಾರ್ಟರ್. ಅಪ್ಪನ ಹಲ್ಲಿನ ಬೇರಿಗೆ ಮೆತ್ತಿಕೊಂಡಿದ್ದದ್ದು ಇದೇ. ಉಗುರಿಗಿರಲಿ, ಬ್ರಷ್ಷಿಗೂ ಇದು ಜಗ್ಗುವುದಿಲ್ಲ. ಎಷ್ಟು ಗಟ್ಟಿ ಅಂದರೆ, ನೂರಾರು ವರ್ಷ ಮಣ್ಣಿನಲ್ಲಿದ್ದ ಅಸ್ಥಿಪಂಜರಗಳ ಹಲ್ಲಿನಲ್ಲೂ ಅದು ಹಾಗೇ ಉಳಿದಿರುತ್ತದೆ. ಜರ್ಮನಿಯಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಬದುಕಿದ್ದ ಒಬ್ಬ ಹೆಂಗಸಿನ ಹಲ್ಲಿನ ಗಾರೆಯಲ್ಲಿ ಉಜ್ವಲ ನೀಲಿ ಬಣ್ಣದ ಕಣಗಳು ಸಿಕ್ಕಿದವು. ಆ ಕಾಲದ ಹಸ್ತಪ್ರತಿಗಳಲ್ಲಿ ಚಿತ್ರ ಬಿಡಿಸಲು ಬಳಸುತ್ತಿದ್ದ, ಬಲು ದುಬಾರಿ ಬಣ್ಣ ಅದು. ಆಕೆ ಕುಂಚದ ತುದಿಯನ್ನು ತುಟಿಯಲ್ಲಿ ನೆನೆಸಿ ಚೂಪು ಮಾಡಿಕೊಳ್ಳುತ್ತಿದ್ದಿರಬೇಕು ಅಂತ 2019ರಲ್ಲಿ ಸಂಶೋಧಕರು ಬರೆದರು. ವಿಷಯಾಂತರ ಆಯಿತು, ಆದರೆ ಆ ಚಿತ್ರಗಾರ್ತಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಸರಿ, ಪಾಚಿ ಕೂತರೆ ವಸಡಿಗೆ ಏನಾಗುತ್ತದೆ? ಇದಕ್ಕೆ ತುಂಬಾ ನೇರವಾದ ಉತ್ತರ ಸಿಕ್ಕಿದ್ದು 1965ರಲ್ಲಿ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹ್ಯಾರಲ್ಡ್ ಲೋ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿದರು. ವಸಡು ಚೆನ್ನಾಗಿದ್ದ 12 ಜನ. ಹಲ್ಲು ಉಜ್ಜುವುದನ್ನು ಪೂರ್ತಿ ನಿಲ್ಲಿಸಿ ಅಂದರು. 10ರಿಂದ 21 ದಿನದೊಳಗೆ ಅಷ್ಟೂ ಜನರ ವಸಡು ಊದಿಕೊಂಡು ಕೆಂಪಾಯಿತು, ಮುಟ್ಟಿದರೆ ರಕ್ತ. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಆಮೇಲೆ ಮತ್ತೆ ಉಜ್ಜಲು ಶುರು ಮಾಡಿಸಿದರು. ಸುಮಾರು ಒಂದು ವಾರದಲ್ಲಿ ಎಲ್ಲರ ವಸಡೂ ಮೊದಲಿನಂತಾಯಿತು. ಔಷಧಿ ಇಲ್ಲ, ಇಂಜೆಕ್ಷನ್ ಇಲ್ಲ. ಬ್ರಷ್ ಅಷ್ಟೇ.

ಈ ಹಂತದ ಹೆಸರು ಜಿಂಜಿವೈಟಿಸ್, ಅಂದರೆ ವಸಡಿನ ಉರಿಯೂತ. ಇದು ಪೂರ್ತಿ ಹಿಂದಕ್ಕೆ ತಿರುಗುವ ಹಂತ. ಒಂದು ಎಳೆಯೂ ಹರಿದಿರುವುದಿಲ್ಲ, ಮೂಳೆ ಒಂದಿಷ್ಟೂ ಕರಗಿರುವುದಿಲ್ಲ. ಗುಲಾಬಿ ನೊರೆ ಕಂಡ ಮೊದಲ ವಾರ ನಾನು ಅದೇ ಜಾಗವನ್ನು ಸರಿಯಾಗಿ ಉಜ್ಜಿ, ಒಮ್ಮೆ ತೋರಿಸಿಕೊಂಡಿದ್ದರೆ ಆ 5, 6 ಅನ್ನುವ ಅಂಕಿಗಳು ಬಹುಶಃ ಇರುತ್ತಿರಲಿಲ್ಲ. ಇದನ್ನು ನೆನೆದಾಗೆಲ್ಲ ಸಂಕಟವಾಗುತ್ತದೆ.

ಹಾಗಾದರೆ ಕೈ ಹಿಂದೆ ತೆಗೆದ ಮೇಲೆ ನೊರೆ ಬೆಳ್ಳಗಾಗಿದ್ದು ಯಾಕೆ? ಬ್ರಷ್ ತಾಗದಿದ್ದರೆ ರಕ್ತ ಹೊರಗೆ ಕಾಣುವುದಿಲ್ಲ, ಅಷ್ಟೇ. ಒಳಗಿನ ಕೆಲಸ ನಡೆಯುತ್ತಲೇ ಇರುತ್ತದೆ. ಉರಿಯೂತ ವರ್ಷಗಟ್ಟಲೆ ಮುಂದುವರಿದರೆ ಕೆಲವರಲ್ಲಿ ಅದು ಆಳಕ್ಕೆ ಇಳಿಯುತ್ತದೆ. ವಸಡು ಹಲ್ಲಿನಿಂದ ಬಿಟ್ಟುಕೊಂಡು ಆ ಸಣ್ಣ ಸಂದಿ ಜೇಬಿನ ಹಾಗೆ ಆಳವಾಗುತ್ತದೆ. ದಂತವೈದ್ಯರೂ ಅದನ್ನು ಪಾಕೆಟ್ ಅಂತಲೇ ಕರೆಯುತ್ತಾರೆ. ಗಾಳಿ ಆಡದ ಆ ಜೇಬಿನಲ್ಲಿ ಬೇರೆ ಥರದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಅವನ್ನು ಹೊಡೆಯಲು ಮೈಯ ರಕ್ಷಣಾ ಪಡೆ ಬರುತ್ತದೆ. ಹೊಡೆದಾಟ ಮುಗಿಯುವುದೇ ಇಲ್ಲ. ಬ್ಯಾಕ್ಟೀರಿಯಾಗಳಿಗೆ ಅಂತ ಬಿಟ್ಟ ರಾಸಾಯನಿಕಗಳೇ ನಮ್ಮ ಎಳೆಗಳನ್ನು ಕರಗಿಸುತ್ತವೆ. ಮೂಳೆ ಹಿಂದೆ ಸರಿಯುತ್ತಾ ಹೋಗುತ್ತದೆ. ಹಾನಿಯ ಹೆಚ್ಚು ಪಾಲು ಆಗುವುದು ನಮ್ಮ ಮೈ ಮಾಡುವ ಈ ಜಗಳದಿಂದಲೇ. ಇದು ಪೆರಿಯೊಡಾಂಟೈಟಿಸ್. ಹೀಗೆ ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಮುಂದಕ್ಕೆ ಹೋಗದಂತೆ ನಿಲ್ಲಿಸಬಹುದು. ಕೆಲವು ಜಾಗಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಸ್ವಲ್ಪ ಮರಳಿ ಬೆಳೆಸಬಹುದು. ಮೊದಲಿನಂತೆ ಮಾಡಲಾಗುವುದಿಲ್ಲ.

ಇಷ್ಟೆಲ್ಲ ಆಗುವಾಗ ಹೆಚ್ಚಾಗಿ ನೋವೇ ಇರುವುದಿಲ್ಲ. ನನ್ನನ್ನು ಹೆದರಿಸುವುದು ಇದೇ. ಹುಳುಕು ಹಲ್ಲು ರಾತ್ರಿ ನಿದ್ದೆಗೆಡಿಸಿ ನಮ್ಮನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತದೆ. ವಸಡಿನ ರೋಗ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಅದು ತೋರಿಸುವ ಗುರುತುಗಳೆಲ್ಲ ನಾವು ಬೇರೆ ಏನೋ ಅಂದುಕೊಳ್ಳುವಂಥವು. ಬಿಡದ ಬಾಯಿವಾಸನೆ. ಹಲ್ಲು ಉದ್ದವಾದಂತೆ ಕಾಣುವುದು. ಉದ್ದವಾಗಿರುವುದಿಲ್ಲ, ವಸಡು ಕೆಳಗೆ ಸರಿದಿರುತ್ತದೆ. ಮುಂದಿನ ಹಲ್ಲುಗಳ ನಡುವೆ ಮೊದಲು ಇಲ್ಲದ ಸಂದಿ. ಒತ್ತಿದರೆ ಕೀವು. ಕಚ್ಚಿದಾಗ ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲ ಅನ್ನಿಸುವುದು. ಬಣ್ಣದ ಬಗ್ಗೆ ಒಂದು ಮಾತು: ಕಪ್ಪು ಅಥವಾ ಕಂದು ಛಾಯೆಯ ವಸಡು ಎಷ್ಟೋ ಜನಕ್ಕೆ ಹುಟ್ಟಿನಿಂದಲೇ ಇರುತ್ತದೆ, ಅದು ರೋಗ ಅಲ್ಲ. ನೋಡಬೇಕಾದದ್ದು ಬಣ್ಣ ಹೊಸದಾಗಿ ಬದಲಾಯಿತಾ, ಅಂಚು ಊದಿಕೊಂಡು ಮಿರಮಿರ ಅನ್ನುತ್ತಿದೆಯಾ, ರಕ್ತ ಬರುತ್ತಿದೆಯಾ ಅನ್ನುವುದನ್ನು.

ಅಪ್ಪನ ಹುಳುಕಿಲ್ಲದ ಹಲ್ಲಿಗೆ ವಾಪಸ್ ಬರುತ್ತೇನೆ. ಹ್ಯಾರಲ್ಡ್ ಲೋ ಅವರದೇ ಇನ್ನೊಂದು ಅಧ್ಯಯನ ಓದಿದಾಗ ಆ ಹಲ್ಲು ಕಣ್ಣ ಮುಂದೆ ಬಂತು. ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿಯುವ 480 ಗಂಡಸರನ್ನು 1970ರಿಂದ 15 ವರ್ಷ ನೋಡುತ್ತಾ ಬಂದರು. ಅವರಿಗೆ ಹಲ್ಲು ಉಜ್ಜುವ ರೂಢಿ ಇರಲಿಲ್ಲ. ದಂತವೈದ್ಯರೂ ಸಿಗುತ್ತಿರಲಿಲ್ಲ. ಅವರಲ್ಲಿ ಹುಳುಕು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆದರೆ ವಸಡಿನ ರೋಗ ಶೇಕಡಾ 8 ಜನರಲ್ಲಿ ಬಲು ಬೇಗ ಓಡಿತು, 45 ದಾಟುವ ಹೊತ್ತಿಗೆ ಅವರ ಬಾಯಲ್ಲಿ ಹಲ್ಲೇ ಉಳಿದಿರಲಿಲ್ಲ ಅನ್ನಬಹುದು. ಶೇಕಡಾ 81 ಜನರಲ್ಲಿ ನಿಧಾನವಾಗಿ ಸಾಗಿತು. ಉಳಿದ ಶೇಕಡಾ 11 ಜನರಲ್ಲಿ ವಸಡಿನ ಉರಿಯೂತದಿಂದ ಮುಂದಕ್ಕೆ ಹೋಗಲೇ ಇಲ್ಲ.

ಅಂದರೆ ಎಲ್ಲರ ಮೈಯೂ ಒಂದೇ ಥರ ಅಲ್ಲ. ಒಂದೇ ಕೊಳೆಗೆ ಒಬ್ಬರ ಮೈ ಜೋರಾಗಿ ರೇಗುತ್ತದೆ, ಇನ್ನೊಬ್ಬರದು ಸುಮ್ಮನಿರುತ್ತದೆ. ಇದರಲ್ಲಿ ವಂಶದ ಪಾಲೂ ಇದೆ. "ನಮ್ಮನೆಯಲ್ಲಿ ಎಲ್ಲರಿಗೂ ಹಲ್ಲು ಬೇಗ ಬೀಳುತ್ತೆ" ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಮಾತಿನ ಹಿಂದೆ "ಏನು ಮಾಡಿದರೂ ಅಷ್ಟೇ" ಅಂತ ಸೇರಿಸುತ್ತೇವಲ್ಲ, ಅದು ಸುಳ್ಳು. ಸ್ವೀಡನ್ನಿನಲ್ಲಿ ಆಕ್ಸೆಲ್ಸನ್ ಮತ್ತು ಲಿಂಡೆ ಅನ್ನುವವರು ಒಂದು ಗುಂಪಿನ ಜನರಿಗೆ ಹಲ್ಲು ಸ್ವಚ್ಛ ಮಾಡಿಕೊಳ್ಳುವುದನ್ನು ಕೂರಿಸಿಕೊಂಡು ಕಲಿಸಿದರು. ಮತ್ತೆ ಮತ್ತೆ ಕರೆಸಿ ನೋಡಿದರು. 30 ವರ್ಷ ಹೀಗೇ ನಡೆಯಿತು. ಅಷ್ಟು ವರ್ಷದಲ್ಲಿ ಒಬ್ಬೊಬ್ಬರು ಕಳೆದುಕೊಂಡ ಹಲ್ಲು ಸರಾಸರಿ ಎರಡಕ್ಕಿಂತ ಕಮ್ಮಿ. ಅವೂ ಹೆಚ್ಚಾಗಿ ಹೋದದ್ದು ಬೇರು ಸೀಳಿ, ವಸಡಿನ ರೋಗದಿಂದ ಅಲ್ಲ. ವಯಸ್ಸು ಅವರಿಗೂ ಆಗಿತ್ತು. "ವಯಸ್ಸಾಯ್ತಲ್ಲ" ಅಂತ ಅಪ್ಪ ಅಂದಾಗ ನಾನು ತಲೆಯಾಡಿಸಿದ್ದೆ. ಈಗಾಗಿದ್ದರೆ ತಲೆಯಾಡಿಸುತ್ತಿರಲಿಲ್ಲ.

ಕೊಳೆಯ ಜೊತೆ ಸೇರಿ ರೋಗವನ್ನು ಜೋರು ಮಾಡುವ ಕೆಲವು ಸಂಗತಿಗಳಿವೆ. ಸಿಗರೇಟು, ತಂಬಾಕು ಮೊದಲನೆಯದು. ಧೂಮಪಾನ ಮಾಡುವವರ ವಸಡಿನಲ್ಲಿ ರಕ್ತ ಬರುವುದೂ ಕಮ್ಮಿ ಆಗುತ್ತದೆ. ರೋಗ ಇದ್ದರೂ ಗುರುತು ಮುಚ್ಚಿಹೋಗುತ್ತದೆ. ನೋವು ಹೇಗೂ ಇಲ್ಲ, ಇನ್ನು ರಕ್ತವೂ ಕಾಣದಿದ್ದರೆ ಗೊತ್ತಾಗುವುದಾದರೂ ಹೇಗೆ? ಸಿಗರೇಟು ಸೇದುವವರು ರಕ್ತ ಬರುತ್ತಿಲ್ಲ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಎರಡನೆಯದು ಸಕ್ಕರೆ ಕಾಯಿಲೆ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ವಸಡಿನ ರೋಗ ಬೇಗ ಬರುತ್ತದೆ, ಬೇಗ ಹೆಚ್ಚುತ್ತದೆ. ಇದು ಉಲ್ಟಾ ದಿಕ್ಕಿನಲ್ಲೂ ನಡೆಯುತ್ತದೆ. ವಸಡಿನ ಉರಿಯೂತ ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ವಸಡಿಗೆ ಸರಿಯಾಗಿ ಚಿಕಿತ್ಸೆ ಮಾಡಿದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಅಂಕಿ ಸುಮಾರು 0.4ರಷ್ಟು ಇಳಿಯುತ್ತದೆ ಅಂತ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡುಬಂದಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ವರ್ಷಗಟ್ಟಲೆ ರಕ್ತ ಪರೀಕ್ಷೆ ಮಾಡಿಸಿದೆವು, ಕಣ್ಣು ತೋರಿಸಿದೆವು, ಪಾದ ನೋಡಿಸಿದೆವು. ಬಾಯಿ ತೆರೆದು ತೋರಿಸಬೇಕು ಅಂತ ನಮಗೆ ಹೊಳೆಯಲೇ ಇಲ್ಲ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ದಯವಿಟ್ಟು ಇದನ್ನು ಮರೆಯಬೇಡಿ.

ಬಸಿರಿನಲ್ಲಿ ಹಾರ್ಮೋನು ಏರುಪೇರಾಗಿ ವಸಡು ಸುಲಭಕ್ಕೆ ಊದಿಕೊಳ್ಳುತ್ತದೆ, ಆಗಲೂ ಉಜ್ಜುವುದನ್ನು ಬಿಡಬಾರದು. ಮೂರ್ಛೆರೋಗಕ್ಕೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ವಸಡು ದಪ್ಪವಾಗಿ ಬೆಳೆಯುವುದುಂಟು. ಹಾಗಾದರೆ ಮಾತ್ರೆ ಕೊಟ್ಟ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಇನ್ನೊಂದು: ವಸಡಿನ ರಕ್ತ ನಿಲ್ಲದೆ ಹರಿಯುತ್ತಿದ್ದರೆ, ಅಥವಾ ಅದರ ಜೊತೆಗೆ ಮೈಮೇಲೆ ಕಾರಣವಿಲ್ಲದೆ ಕಂದಿದ ಗುರುತು, ಜ್ವರ, ಸುಸ್ತು ಇದ್ದರೆ ಕಾರಣ ರಕ್ತದಲ್ಲೇ ಇರಬಹುದು. ಅದಕ್ಕೆ ಬ್ರಷ್ ಸಾಲದು, ತಡಮಾಡದೆ ವೈದ್ಯರ ಹತ್ತಿರ ಹೋಗಬೇಕು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ನನಗೂ ಅದೇ ಭಯ ಇತ್ತು. ಆ ಭಯಕ್ಕೆ ಒಂದು ಕಾರಣವೂ ಇದೆ. ಮೂಳೆ ಕರಗಿದ ಹಲ್ಲುಗಳ ಸುತ್ತ ಗಾರೆ ಸೇತುವೆಯ ಹಾಗೆ ಒಂದಕ್ಕೊಂದು ಬೆಸೆದುಕೊಂಡಿರುತ್ತದೆ. ಅದನ್ನು ತೆಗೆದಾಗ ಅಲ್ಲಿಯವರೆಗೆ ಮುಚ್ಚಿದ್ದ ಸಂದಿ ಕಾಣುತ್ತದೆ. ಮೊದಲೇ ಸಡಿಲವಾಗಿದ್ದದ್ದು ಆಗ ಗೊತ್ತಾಗುತ್ತದೆ. ಊತ ಇಳಿದು ವಸಡು ಕುಗ್ಗುವುದರಿಂದ ಬೇರು ಸ್ವಲ್ಪ ಹೊರಗೆ ಕಾಣುತ್ತದೆ, ಕೆಲವು ದಿನ ಜುಂ ಅನ್ನುತ್ತದೆ. ದೂರು ಮಾತ್ರ ಕ್ಲೀನಿಂಗ್ ಮೇಲೆ ಬರುತ್ತದೆ.

ಈ ಜಗಳ ಹಳೆಯದು. ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಜಾನ್ ರಿಗ್ಸ್ ಅನ್ನುವ ದಂತವೈದ್ಯರಿದ್ದರು. 1844ರ ಡಿಸೆಂಬರಿನಲ್ಲಿ ಹೊರೇಸ್ ವೆಲ್ಸ್ ಅನ್ನುವ ಇನ್ನೊಬ್ಬ ದಂತವೈದ್ಯರು ನೈಟ್ರಸ್ ಆಕ್ಸೈಡ್ ಅನಿಲ ಸೇವಿಸಿ ಮಂಪರಿನಲ್ಲಿ ಕೂತಾಗ ಅವರ ಹಲ್ಲು ಕಿತ್ತವರು ಇದೇ ರಿಗ್ಸ್. ನೋವಿಲ್ಲದೆ ಹಲ್ಲು ಕೀಳುವ ಕಾಲ ಶುರುವಾಗಿದ್ದರಲ್ಲಿ ಅವರ ಕೈ ಇತ್ತು. ಆದರೆ ಮುಂದೆ ಅದೇ ಮನುಷ್ಯ ಸಡಿಲವಾದ ಹಲ್ಲು ಕೀಳಬೇಡಿ, ವಸಡಿನ ಕೆಳಗಿನ ಗಾರೆಯನ್ನು ಚೆನ್ನಾಗಿ ಕೆರೆದು ತೆಗೆಯಿರಿ, ವಸಡು ಮತ್ತೆ ಬಿಗಿಯಾಗುತ್ತದೆ ಅಂತ ಹೇಳುತ್ತಾ ಬಂದರು. ಅಮೆರಿಕದಲ್ಲಿ ಈ ರೋಗವನ್ನು ಬಹಳ ಕಾಲ ರಿಗ್ಸ್ ರೋಗ ಅಂತಲೇ ಕರೆಯುತ್ತಿದ್ದರು.

ನನಗೂ ಮಾಡಿದ್ದು ಅದನ್ನೇ, ಉಪಕರಣ ಮಾತ್ರ ಬೇರೆ. ಸಣ್ಣಗೆ ಕಂಪಿಸುವ ತುದಿ, ಅದರ ಜೊತೆ ನೀರಿನ ಧಾರೆ. ಆಳದ ಜೇಬುಗಳಿದ್ದ ಕಡೆ ಮರಗಟ್ಟಿಸಿ ಕೈಯ ಉಪಕರಣದಿಂದ ಬೇರನ್ನು ನಯ ಮಾಡಿದರು. ಕಿವಿಯೊಳಗೆ ಕರಕರ ಸದ್ದು ಕೇಳುತ್ತಿತ್ತು. ತೆಗೆದ ಒಂದು ಚೂರನ್ನು ಹತ್ತಿಯ ಮೇಲಿಟ್ಟು ತೋರಿಸಿದರು. ಕಂದು ಬಣ್ಣ, ಒರಟು, ಸಣ್ಣ ಮರಳಿನ ಕಾಳಿನಷ್ಟು. ಕಾಗದದ ಚೂರಿನಲ್ಲಿದ್ದ ಅಪ್ಪನ ಹಲ್ಲು ನೆನಪಾಗಿ ಕಣ್ಣು ತುಂಬಿತು. ಮರಗಟ್ಟಿದ ಬಾಯಲ್ಲಿ ಏನೂ ಹೇಳಲಾಗಲಿಲ್ಲ.

ಆಮೇಲೆ ಅವರು ಕನ್ನಡಿ ಕೊಟ್ಟು ಹಲ್ಲು ಉಜ್ಜಿ ತೋರಿಸಿ ಅಂದರು. ಇಷ್ಟು ವರ್ಷ ಉಜ್ಜಿದ್ದೇನೆ, ಇದರಲ್ಲಿ ಕಲಿಯುವುದೇನಿದೆ ಅನ್ನಿಸಿತು. ಅರ್ಧ ನಿಮಿಷದಲ್ಲೇ ತಡೆದರು. ನಾನು ಹಲ್ಲಿನ ಹೊಟ್ಟೆಯನ್ನು ಉಜ್ಜುತ್ತಿದ್ದೆ. ರೋಗ ಶುರುವಾಗುವ ಜಾಗ ಬುಡದಲ್ಲಿ, ವಸಡು ಸೇರುವ ಗೆರೆಯಲ್ಲಿ. ಬ್ರಷ್ಷನ್ನು ಆ ಗೆರೆಗೆ 45 ಡಿಗ್ರಿ ಓರೆಯಾಗಿ ಇಡಬೇಕು, ಎಳೆಗಳ ತುದಿ ಸಂದಿಯೊಳಗೆ ಸ್ವಲ್ಪ ನುಸುಳುವ ಹಾಗೆ. ಅಲ್ಲೇ ನಿಂತು ಸಣ್ಣ ಸಣ್ಣ ಅಲುಗಾಟ. ಆಮೇಲೆ ಮುಂದಿನ ಎರಡು ಹಲ್ಲು. ಇದಕ್ಕೆ ಬಾಸ್ ವಿಧಾನ ಅಂತ ಹೆಸರು. ಇದನ್ನು ರೂಪಿಸಿದ ಚಾರ್ಲ್ಸ್ ಬಾಸ್ ದಂತವೈದ್ಯರೇ ಅಲ್ಲ, ವೈದ್ಯಕೀಯ ಓದಿದ ಡಾಕ್ಟರು. ಬ್ರಷ್ಷಿನ ಎಳೆ ಮೆತ್ತಗಿರಬೇಕು. ಬ್ರಷ್ಷನ್ನು ಪೆನ್ನಿನ ಹಾಗೆ ಬೆರಳ ತುದಿಯಲ್ಲಿ ಹಿಡಿದರೆ ಒತ್ತಡ ತಾನಾಗಿ ಕಮ್ಮಿಯಾಗುತ್ತದೆ. ಜೋರು ಮಾಡಿದರೆ ವಸಡು ಸವೆದು ಕೆಳಗೆ ಸರಿಯುತ್ತದೆ. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಗಡಿಯಾರ ನೋಡಿಕೊಂಡು ಉಜ್ಜಿ, ಎರಡು ನಿಮಿಷ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಬ್ರಷ್ಷನ್ನು ಮೂರು ನಾಲ್ಕು ತಿಂಗಳಿಗೆ, ಎಳೆಗಳು ಬಾಗಿದರೆ ಅದಕ್ಕೂ ಮೊದಲೇ ಬದಲಾಯಿಸಿ.

ಇಷ್ಟಾದರೂ ಬ್ರಷ್ ಎರಡು ಹಲ್ಲುಗಳ ನಡುವಿನ ಗೋಡೆಗೆ ತಲುಪುವುದಿಲ್ಲ. ನನ್ನ 5, 6 ಇದ್ದದ್ದೆಲ್ಲ ಅಲ್ಲೇ. ವಸಡಿನ ರೋಗ ಹೆಚ್ಚಾಗಿ ಹಿಡಿಯುವುದೂ ಅಲ್ಲೇ. ಹಲ್ಲುಗಳು ಒತ್ತಾಗಿದ್ದರೆ ಫ್ಲಾಸ್ ದಾರ. ಸಂದಿ ಸ್ವಲ್ಪ ಇದ್ದರೆ ಸಂದಿಗೆಂದೇ ಇರುವ ಪುಟ್ಟ ಬ್ರಷ್, ಇಂಟರ್‌ಡೆಂಟಲ್ ಬ್ರಷ್ ಅಂತ ಕೇಳಿ. ಅದು ಸಂದಿಯಲ್ಲಿ ಬಿಗಿಯಾಗಿ, ಆದರೆ ಬಲವಂತ ಇಲ್ಲದೆ ಹೋಗಬೇಕು. ಒಂದೇ ಬಾಯಲ್ಲಿ ಎರಡು ಮೂರು ಅಳತೆ ಬೇಕಾಗಬಹುದು, ಮೊದಲ ಸಲ ದಂತವೈದ್ಯರಿಂದಲೇ ಅಳತೆ ಹಾಕಿಸಿಕೊಳ್ಳುವುದು ಒಳ್ಳೆಯದು. ನನ್ನ ಕೇಳಿದರೆ, ಮೌತ್‌ವಾಶ್ ಬಾಟಲಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡಿ. ಕ್ಲೋರ್‌ಹೆಕ್ಸಿಡಿನ್ ಅನ್ನುವ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಇರುವ ಮೌತ್‌ವಾಶ್ ವೈದ್ಯರು ಹೇಳಿದಾಗ, ಹೇಳಿದಷ್ಟು ದಿನಕ್ಕೆ ಮಾತ್ರ. ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ.

ಮೊದಲ ದಿನ ಆ ಪುಟ್ಟ ಬ್ರಷ್ ಹಾಕಿ ಹೊರಗೆ ಎಳೆದಾಗ ಪೂರ್ತಿ ಕೆಂಪಾಗಿತ್ತು. ಕೈ ಮತ್ತೆ ಹಿಂದೆ ಸರಿಯಿತು. ನಿಲ್ಲಿಸಬೇಡಿ, ಮೊದಲ ವಾರ ರಕ್ತ ಬರುತ್ತದೆ ಅಂತ ಅವರು ಮೊದಲೇ ಹೇಳಿದ್ದರಿಂದ ಮುಂದುವರಿಸಿದೆ. ನಾಲ್ಕನೇ ದಿನ ತುದಿ ಮಾತ್ರ ಕೆಂಪು. ಒಂಬತ್ತನೇ ದಿನ ಬೆಳ್ಳಗೆ ಬಂತು. ಅದನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದೆ. ಎರಡು ವಾರ ಸರಿಯಾಗಿ ಮಾಡಿದರೂ ರಕ್ತ ನಿಲ್ಲದಿದ್ದರೆ ಒಳಗೆ ಗಾರೆ ಕೂತಿರಬಹುದು ಅಂತ ತಿಳಿದು ತೋರಿಸಿಕೊಳ್ಳಬೇಕು.

ಆರು ವಾರ ಬಿಟ್ಟು ಅಪ್ಪನನ್ನೂ ಕರೆದುಕೊಂಡು ಹೋದೆ. ಮೊದಲು ಬೇಡ ಅಂದರು, ಇರುವ ಹಲ್ಲೂ ಹೋದರೆ ಅಂತ. ಬಿದ್ದ ಹಲ್ಲನ್ನು ತೋರಿಸಿ ಆ ಕಂದು ಪದರ ಏನು ಅಂತ ವಿವರಿಸಿದೆ. ಅವರ ಬಾಯಲ್ಲಿ ಇನ್ನೂ 21 ಹಲ್ಲಿದ್ದವು. ಎರಡನ್ನು ಉಳಿಸಲಾಗಲಿಲ್ಲ. 19 ಉಳಿದಿವೆ. ಈಗ ಮೂರು ತಿಂಗಳಿಗೊಮ್ಮೆ ಇಬ್ಬರೂ ಒಟ್ಟಿಗೆ ಹೋಗುತ್ತೇವೆ. ಅವರ ಬೆರಳಿಗೆ ಪುಟ್ಟ ಬ್ರಷ್ ಹಿಡಿಯಲು ಕಷ್ಟ, ಹಾಗಾಗಿ ಹಿಡಿ ದಪ್ಪ ಇರುವುದನ್ನು ಹುಡುಕಿ ತಂದೆ. ರಾತ್ರಿ ಕನ್ನಡಿ ಮುಂದೆ ನಿಂತು ಬಾಯಿ ಅಗಲಿಸಿ, ಒಂದೊಂದೇ ಸಂದಿಗೆ ಹಾಕಿ ಎಳೆದು, ಕೆಂಪು ಇದೆಯಾ ಅಂತ ನನಗೆ ತೋರಿಸುತ್ತಾರೆ.

ಹೋದ ಸಲ ನನ್ನದನ್ನು ಮತ್ತೆ ಅಳೆದರು. "3, 2, 3. 3, 3, 4." 6 ಇದ್ದ ಜಾಗ 4ಕ್ಕೆ ಬಂದಿದೆ, ವಸಡು ಮತ್ತೆ ಹಲ್ಲಿಗೆ ಬಿಗಿಯಾಗಿ ಕೂತಿದೆ ಅಂದರು. ಅದರ ಪಕ್ಕದ ಒಂದು ಕಡೆ ಮಾತ್ರ ಇನ್ನೂ 5. ಅಲ್ಲಿ ರಕ್ತ ಇಲ್ಲ, ಆದರೆ ಆಳ ಹಾಗೇ ಇದೆ. ಎಕ್ಸ್‌ರೇಯಲ್ಲಿ ಆ ಬೇರಿನ ಪಕ್ಕದ ಮೂಳೆಯ ಅಂಚು ಉಳಿದ ಕಡೆಗಿಂತ ಬೇರಿನ ತುದಿಯ ಕಡೆಗೆ ಸರಿದಿರುವುದು ಕಾಣುತ್ತದೆ. ಆ ಸಂದಿಗೆ ಒಂದು ಅಳತೆ ದಪ್ಪದ ಬ್ರಷ್ ಕೊಟ್ಟಿದ್ದಾರೆ. ದಿನಾ ರಾತ್ರಿ ಮೊದಲು ಅಲ್ಲಿಂದಲೇ ಶುರು ಮಾಡುತ್ತೇನೆ.